ಸ್ಕಿಜೋಫ್ರೇನಿಯಾ ಇರುವ ತಮ್ಮನನ್ನು ಮೊದಲು ತರಬೇತಿಗೆ ಸೇರಿಸಬೇಕೇ, ನೇರ ಕೆಲಸಕ್ಕೇ ಕಳಿಸಬಹುದೇ?

ತಮ್ಮ ಮಾತ್ರೆ ತಪ್ಪಿಸುತ್ತಿಲ್ಲ, ಆಗಾಗ ಧ್ವನಿಗಳು ಕೇಳಿಸುತ್ತವೆ, ಆದರೂ ಕೆಲಸ ಬೇಕು ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಹಾಗಿದ್ದರೆ ವರ್ಷಗಟ್ಟಲೆ ತರಬೇತಿ ಬೇಡ. ಧ್ವನಿಗಳು ಪೂರ್ತಿ ನಿಲ್ಲಲಿ ಎಂದು ಕಾಯುವುದೂ ಬೇಡ. ಅವರಿಗೇ ಕೆಲಸ ಬೇಕೆನಿಸಿದೆಯಲ್ಲ, ಅಷ್ಟು ಅರ್ಹತೆ ಸಾಕು.

ಇದಕ್ಕೆಂದೇ ಐಪಿಎಸ್ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್, ಅಂದರೆ ಒಬ್ಬೊಬ್ಬರಿಗೂ ಕೆಲಸ ಹುಡುಕಿ ಬೆಂಬಲ ಕೊಡುವುದು) ಎಂಬ ಪದ್ಧತಿ ಇದೆ. ಅಮೆರಿಕದ ಸಂಶೋಧಕರಾದ ರಾಬರ್ಟ್ ಡ್ರೇಕ್, ಡೆಬೋರಾ ಬೆಕರ್ ರೂಪಿಸಿದ್ದು. ಮೊದಲು ಎಲ್ಲರಂತೆ ಸಂಬಳದ ಕೆಲಸ, ಕಲಿಕೆ ಆ ಕೆಲಸದಲ್ಲೇ. ತರಬೇತಿ ಕೇಂದ್ರದಲ್ಲಿ ಮೇಣದಬತ್ತಿ ಮಾಡಲು ಕಲಿತವರಿಗೆ ಬಿಲ್ಲಿಂಗ್ ಕೌಂಟರಿನಲ್ಲಿ ಅದರಿಂದೇನೂ ಉಪಯೋಗವಿಲ್ಲ. ಯುರೋಪಿನ 6 ಕೇಂದ್ರಗಳ ಅಧ್ಯಯನದಲ್ಲಿ (2007) ಐಪಿಎಸ್ ಗುಂಪಿನ ಶೇ. 55ರಷ್ಟು ಮಂದಿಗೆ ಕೆಲಸ ಸಿಕ್ಕಿತು, ತರಬೇತಿಯ ಗುಂಪಿನಲ್ಲಿ ಶೇ. 28ರಷ್ಟು ಮಂದಿಗೆ. ಒಂದೇ ದಿನ ದುಡಿದವರೂ ಈ ಲೆಕ್ಕದಲ್ಲಿದ್ದಾರೆ, ಹಾಗಾಗಿ ಕೆಲಸ ಉಳಿಸಿಕೊಳ್ಳುವುದು ಬೇರೆಯದೇ ಪ್ರಶ್ನೆ.

ಸೇವೆ ಹುಡುಕುವಾಗ ಮೂರು ವಿಷಯ ಕೇಳಿ. ಕೆಲಸ ಹುಡುಕಿಕೊಟ್ಟು ಬೆಂಬಲಿಸುವ ಉದ್ಯೋಗ ಸಹಾಯಕರು ಮನೋವೈದ್ಯರ ತಂಡದೊಳಗೇ ಇದ್ದಾರೆಯೇ? ಒಬ್ಬ ಸಹಾಯಕರ ಕೈಯಲ್ಲಿ 20ಕ್ಕಿಂತ ಹೆಚ್ಚು ಜನರಿಲ್ಲ ತಾನೇ? ಒಂದು ತಿಂಗಳೊಳಗೆ ಮಾಲೀಕರೊಬ್ಬರೊಂದಿಗೆ ಮೊದಲ ಭೇಟಿ ಆಗುತ್ತದೆಯೇ? ಪಿಂಚಣಿ ಬರುತ್ತಿದ್ದರೆ, ಸಂಬಳ ಎಷ್ಟು ದಾಟಿದರೆ ಅದಕ್ಕೆ ಕತ್ತರಿ ಬೀಳುತ್ತದೆ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ.

ಎಡವಟ್ಟಾಗುವುದು ಹೆಚ್ಚಾಗಿ ಸೇರಿದ ಮೇಲೆ. ಕೆಲಸ ಸಿಕ್ಕಿತೆಂದು ಸಹಾಯಕರು ಕೈಬಿಡುತ್ತಾರೆ. ಮೊದಲ ವಾರಗಳಲ್ಲೇ ಅವರ ಅಗತ್ಯ ಹೆಚ್ಚು. ಕೆಲಸ ಹೋಗಲು ಕೌಶಲದ ಕೊರತೆಯೇ ಕಾರಣವಾಗಬೇಕಿಲ್ಲ. ರಾತ್ರಿ ಮಾತ್ರೆಯ ಮಂಪರು ಬೆಳಿಗ್ಗೆ ಇಳಿಯದೆ ತಡವಾಗುತ್ತದೆ, ಮೇಲ್ವಿಚಾರಕರು ತಿದ್ದಿದ್ದು ಬೈಗುಳದಂತೆ ಕೇಳಿಸುತ್ತದೆ, ಊಟದ ಬಿಡುವಿನಲ್ಲಿ ಯಾರೊಡನೆ ಕೂರಬೇಕೋ ತಿಳಿಯುವುದಿಲ್ಲ. ಮಂಪರಿದ್ದರೆ ಮಾತ್ರೆ ಬಿಡಬಾರದು. ಹೊತ್ತು ಬದಲಿಸಲಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ, ಇಲ್ಲವೇ ಮಧ್ಯಾಹ್ನದ ಪಾಳಿ ಹುಡುಕಿ. ವಾರಕ್ಕೆ ಕೆಲವೇ ಗಂಟೆಗಳಿಂದ ಶುರುಮಾಡಿದರೂ ತಪ್ಪಿಲ್ಲ.

ಕಾಯಿಲೆಯ ವಿಷಯ ಮಾಲೀಕರಿಗೆ ಹೇಳಬೇಕೇ ಎಂಬುದನ್ನು ತಮ್ಮನೇ ನಿರ್ಧರಿಸಲಿ. ಕಾಯಿಲೆಯ ಹೆಸರು ಹೇಳದೆಯೂ "ಸೂಚನೆಗಳನ್ನು ಬರೆದುಕೊಟ್ಟರೆ ನನಗೆ ಅನುಕೂಲ" ಎಂದು ಕೇಳಬಹುದು. ಅವರ ಒಪ್ಪಿಗೆಯಿಲ್ಲದೆ ನೀವು ಮಾಲೀಕರಿಗೆ ಫೋನ್ ಮಾಡಬೇಡಿ, ಕಾಳಜಿಯಿಂದಲೂ ಬೇಡ.

ನಿದ್ದೆ ಕೆಟ್ಟರೆ, ಅನುಮಾನ ಹೆಚ್ಚಿದರೆ ಆ ವಾರವೇ ತಂಡಕ್ಕೆ ತಿಳಿಸಿ. ಕೆಲಸ ಹಿಡಿಸದೆ ಬಿಡುವುದಾದರೆ ಹೇಳದೆ ಕೇಳದೆ ನಿಲ್ಲಿಸದೆ, ನೋಟಿಸ್ ಕೊಟ್ಟು ಬಿಡಲಿ. ಮುಂದಿನ ಅರ್ಜಿಗೆ ಆ ಮಾಲೀಕರ ಶಿಫಾರಸು ಬೇಕಾಗಬಹುದು.