ಹಳೆಯ ಮರದ ಮನೆಗಳನ್ನು ನೋಡಲು ಎರಡು ದಿನ ಸಿಕ್ಕರೆ ಪ್ಯಾಸಡೀನಾಗೆ ಹೋಗಿ

ನೀವು ಕೇಳಿದ್ದು ಇಷ್ಟು: ಫ್ರೀಮಾಂಟ್‌ನಲ್ಲಿದ್ದೀರಿ, ಗಂಡ ಹೆಂಡತಿ ಇಬ್ಬರಿಗೂ ಒಂದು ವಾರಾಂತ್ಯ ಬಿಡುವು ಸಿಕ್ಕಿದೆ. ಥೀಮ್ ಪಾರ್ಕು, ಹಾಲಿವುಡ್ಡು ಎಲ್ಲ ನೋಡಿ ಸಾಕಾಗಿದೆ. ಹಳೆಯ ಮನೆಗಳಿರುವ, ನಡೆದು ನೋಡಬಹುದಾದ, ಚೆಂದದ ಊರು ಕ್ಯಾಲಿಫೋರ್ನಿಯಾದಲ್ಲಿ ಯಾವುದಿದೆ?

ಪ್ಯಾಸಡೀನಾ. ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೇ, ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗುತ್ತೇನೆ. ಲಾಸ್ ಏಂಜಲೀಸ್ ನಡುಪೇಟೆಯಿಂದ ಈಶಾನ್ಯಕ್ಕೆ ಹತ್ತು ಹನ್ನೊಂದು ಮೈಲಿ. ಹಿಂದೆ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲು, ಪಕ್ಕದಲ್ಲಿ ಅರೋಯೊ ಸೆಕೊ ಎಂಬ ಆಳವಾದ ಕಣಿವೆ. ವಿಮಾನದಲ್ಲಿ ಬರುವುದಾದರೆ ದೊಡ್ಡ ಏರ್‌ಪೋರ್ಟ್ ಬಿಟ್ಟು ಬರ್ಬ್ಯಾಂಕ್‌ಗೆ ಟಿಕೆಟ್ ತೆಗೆದುಕೊಳ್ಳಿ. ಅಲ್ಲಿಂದ ಹತ್ತಿರ.

ಈ ಊರಿಗೆ ಇಷ್ಟು ಒಳ್ಳೆಯ ಮನೆಗಳು ಹೇಗೆ ಬಂದವು ಅಂತ ಗೊತ್ತಿದ್ದರೆ ನೋಡುವ ಖುಷಿ ಜಾಸ್ತಿ. 1874ರಲ್ಲಿ ಇಂಡಿಯಾನಾದಿಂದ ಬಂದವರು ಇಲ್ಲಿ ನೆಲೆಯೂರಿದರು. ಆಮೇಲೆ ರೈಲು ಬಂತು. ಪೂರ್ವದ, ಮಧ್ಯಪಶ್ಚಿಮದ ಸಿರಿವಂತರು ಹಿಮದಿಂದ ತಪ್ಪಿಸಿಕೊಳ್ಳಲು ಚಳಿಗಾಲ ಕಳೆಯುವುದಕ್ಕೆ ಇಲ್ಲಿಗೆ ಬರತೊಡಗಿದರು. ಮೊದಲು ಹೋಟೆಲುಗಳಲ್ಲಿ ಇಳಿದುಕೊಂಡರು, ಬರಬರುತ್ತ ಸ್ವಂತ ಮನೆ ಕಟ್ಟಿಸಿದರು. ಅದೇ ಹೊತ್ತಿಗೆ ಇಂಗ್ಲೆಂಡಿನಿಂದ ಹೊರಟ ಒಂದು ವಿಚಾರ ಅಮೆರಿಕದಲ್ಲಿ ಬೇರು ಬಿಡುತ್ತಿತ್ತು. ಯಂತ್ರದಲ್ಲಿ ಅಚ್ಚು ಹಾಕಿದ ಅಲಂಕಾರ ಬೇಡ, ಕೈಕೆಲಸ ಕಾಣಲಿ, ಮರ ಮರದಂತೆಯೇ ಇರಲಿ, ಕಲ್ಲು ಕಲ್ಲಿನಂತೆಯೇ ಇರಲಿ ಎನ್ನುವ ವಿಚಾರ. ಅದನ್ನು ಇಲ್ಲಿ ಮನೆಗಳಾಗಿ ಮಾಡಿದವರಲ್ಲಿ ದೊಡ್ಡ ಹೆಸರು ಚಾರ್ಲ್ಸ್ ಗ್ರೀನ್ ಮತ್ತು ಹೆನ್ರಿ ಗ್ರೀನ್ ಅಣ್ಣತಮ್ಮಂದಿರದು. ಹುಡುಗರಾಗಿದ್ದಾಗ ಸೇಂಟ್ ಲೂಯಿಸ್‌ನ ಶಾಲೆಯಲ್ಲಿ ಮರಗೆಲಸ, ಲೋಹದ ಕೆಲಸ ಕಲಿತಿದ್ದರು. ಆಮೇಲೆ ಎಂಐಟಿಯಲ್ಲಿ ವಾಸ್ತುಶಿಲ್ಪ ಓದಿದರು. ಉಳಿ ಹಿಡಿದು ಗೊತ್ತಿದ್ದವರು ನಕ್ಷೆ ಬರೆದರೆ ಏನಾಗುತ್ತದೆ ಎಂಬುದು ಅವರ ಮನೆಗಳಲ್ಲಿ ಎದ್ದು ಕಾಣುತ್ತದೆ.

ಶನಿವಾರ ಬೆಳಿಗ್ಗೆ ಗ್ಯಾಂಬಲ್ ಹೌಸ್‌ಗೆ ಹೋಗಿ. ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯ ಕುಟುಂಬದ ಡೇವಿಡ್ ಮತ್ತು ಮೇರಿ ಗ್ಯಾಂಬಲ್‌ಗಾಗಿ 1908ರಲ್ಲಿ ಗ್ರೀನ್ ಸಹೋದರರು ಮಾಡಿದ ಮನೆ ಇದು. ಗೈಡ್ ಜೊತೆಯಲ್ಲೇ ಒಳಗೆ ಹೋಗಬೇಕು, ವಾರದ ಎಲ್ಲ ದಿನವೂ ಇರುವುದಿಲ್ಲ. ಹಾಗಾಗಿ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ಕಾದಿರಿಸಿ. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ, ಮರದ ನೆಲಕ್ಕೆ ಗುರುತು ಬೀಳುತ್ತದೆ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಅದು ಒಳ್ಳೆಯದೇ. ಫೋನು ಜೇಬಿನಲ್ಲಿದ್ದರೆ ಕಣ್ಣು ಕೆಲಸ ಮಾಡುತ್ತದೆ.

ಬೆಳಗಿನ ಹೊತ್ತೇ ಏಕೆ ಅಂದರೆ ಮುಂಬಾಗಿಲು. ಬಾಗಿಲಿನುದ್ದಕ್ಕೂ ಬಣ್ಣದ ಗಾಜಿನಲ್ಲಿ ಒಂದು ಓಕ್ ಮರ ಕೊಂಬೆ ಚಾಚಿದೆ. ಹೊರಗಿನಿಂದ ನೋಡಿದರೆ ಕಪ್ಪು ಕಪ್ಪು. ಒಳಗೆ ನಿಂತು ತಿರುಗಿ ನೋಡಿದಾಗ ಇಡೀ ಮರ ಹೊಂಬಣ್ಣಕ್ಕೆ ತಿರುಗಿರುತ್ತದೆ. ಆ ಬೆಳಕು ಬೀಳುವುದು ಬರ್ಮಾ ತೇಗದ ಗೋಡೆಗಳ ಮೇಲೆ. ಮಲೆನಾಡಿನ ತೊಟ್ಟಿ ಮನೆಯಲ್ಲಿ ಕೈಯಾಡಿ ಆಡಿ ನುಣುಪಾದ ಕಂಬ ಇರುತ್ತದಲ್ಲ, ಇಲ್ಲಿನ ಮೂಲೆ ಮೂಲೆಯೂ ಹಾಗಿದೆ. ಎಲ್ಲಿಯೂ ಚೂಪಾದ ಅಂಚು ಇಲ್ಲ. ಎಲ್ಲವನ್ನೂ ಉಜ್ಜಿ ಉರುಟು ಮಾಡಿದ್ದಾರೆ.

ಮೆಟ್ಟಿಲ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಎರಡು ಮರದ ತುಂಡುಗಳು ಒಂದಕ್ಕೊಂದು ಬೆರಳು ಹೆಣೆದಂತೆ ಸೇರಿವೆ. ಕೀಲುಗಳನ್ನು ಮುಚ್ಚಿಟ್ಟಿಲ್ಲ, ಅವೇ ಅಲಂಕಾರ. ಅಲ್ಲಲ್ಲಿ ಚಿಕ್ಕ ಚೌಕದ ಕಪ್ಪು ಗುಂಡಿಗಳಂಥವು ಕಾಣುತ್ತವೆ. ಅವು ಎಬೊನಿ ಮರದ ಬಿರಡೆಗಳು, ಮರದ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಉಬ್ಬಿರುತ್ತವೆ. ಈ ಮನೆಗೆ ಮೊಳೆಯನ್ನೇ ಬಳಸಿಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ಅದು ನಿಜವಲ್ಲ. ಎಷ್ಟೋ ಬಿರಡೆಗಳ ಕೆಳಗೆ ಸ್ಕ್ರೂ ಕೂತಿದೆ. ಈ ನಕ್ಷೆಗಳನ್ನು ಮರದಲ್ಲಿ ತಂದವರು ಪೀಟರ್ ಹಾಲ್ ಮತ್ತು ಜಾನ್ ಹಾಲ್ ಎಂಬ ಇನ್ನೊಂದು ಜೋಡಿ ಅಣ್ಣತಮ್ಮಂದಿರು. ಗ್ರೀನ್‌ಗಳ ಹೆಸರಿನ ಜೊತೆಗೇ ಇವರ ಹೆಸರನ್ನೂ ಹೇಳಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಮಹಡಿಯ ಮೇಲೆ ಮಲಗುವ ಕೋಣೆಗಳ ಹೊರಗೆ ತೆರೆದ ಮಲಗುವ ಜಗುಲಿಗಳಿವೆ. ರಾತ್ರಿ ಕಣಿವೆಯ ಗಾಳಿಗೆ ಮಲಗಲಿ ಅಂತ ಮಾಡಿದ್ದು. ಅಗಲವಾದ ಸೂರು, ಹೊರಗೆ ಚಾಚಿದ ತೊಲೆಗಳು ನಡುಹಗಲಿನ ಬಿಸಿಲನ್ನು ಗೋಡೆಗೆ ತಾಗಲು ಬಿಡುವುದಿಲ್ಲ. ಸೆಕೆ ಗೊತ್ತಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ.

1940ರ ದಶಕದಲ್ಲಿ ಕುಟುಂಬದವರು ಈ ಮನೆ ಮಾರಲು ಹೊರಟಿದ್ದರಂತೆ. ನೋಡಲು ಬಂದವರು ಒಳಗಿನ ಮರಕ್ಕೆಲ್ಲ ಬಿಳಿ ಬಣ್ಣ ಬಳಿಯುವ ಮಾತಾಡಿದ್ದು ಕಿವಿಗೆ ಬಿದ್ದು, ಮಾರಾಟವನ್ನೇ ಕೈಬಿಟ್ಟರು. 1966ರಲ್ಲಿ ಮನೆಯನ್ನು ನಗರಕ್ಕೆ ಕೊಟ್ಟರು. ಎಲ್ಲ ಮನೆಗಳಿಗೂ ಈ ಅದೃಷ್ಟ ಇರಲಿಲ್ಲ. ಗ್ರೀನ್ ಸಹೋದರರೇ 1907ರಲ್ಲಿ ಮಾಡಿದ ಬ್ಲ್ಯಾಕರ್ ಹೌಸ್ ಅನ್ನು 1985ರಲ್ಲಿ ಕೊಂಡವರು ಅದರ ದೀಪಗಳನ್ನು ಕಳಚಿ ಮಾರಿಬಿಟ್ಟರು. ಊರಿಗೆ ಊರೇ ಸಿಟ್ಟಾಯಿತು. ಇಂಥದ್ದು ಮತ್ತೆ ಆಗದಂತೆ ನಗರಸಭೆ ಕಾನೂನು ತಂದಿತು. ಆಮೇಲೆ ಬಂದ ಮಾಲೀಕರು ಹೊಸದಾಗಿ ಅದೇ ಥರದ ದೀಪಗಳನ್ನು ಮಾಡಿಸಿ ಮನೆಯನ್ನು ಮತ್ತೆ ಕಳೆಗಟ್ಟಿಸಿದ್ದಾರೆ. ಓಕ್ ನೋಲ್ ಬಡಾವಣೆಯ ಕಡೆ ಹೋದರೆ ರಸ್ತೆಯಿಂದ ನೋಡಬಹುದು.

ಗ್ಯಾಂಬಲ್ ಹೌಸ್ ಮುಗಿದ ತಕ್ಷಣ ಕಾರು ಹತ್ತಬೇಡಿ. ಪಕ್ಕದ ಅರೋಯೊ ಟೆರೇಸ್, ಗ್ರ್ಯಾಂಡ್ ಅವೆನ್ಯೂ ಬೀದಿಗಳಲ್ಲಿ ನಡೆಯಿರಿ. ಚಾರ್ಲ್ಸ್ ಗ್ರೀನ್ ತನಗಾಗಿ ಕಟ್ಟಿಕೊಂಡ ಮನೆಯೂ ಅಲ್ಲೇ ಇದೆ. ಕಾಂಪೌಂಡ್ ಗೋಡೆಗಳನ್ನು ನೋಡಿ: ಕಣಿವೆಯ ಹೊಳೆಗಲ್ಲುಗಳ ನಡುವೆ ಸೊಟ್ಟಗೆ, ಕಪ್ಪಗೆ ಸುಟ್ಟ ಇಟ್ಟಿಗೆಗಳು. ಗೂಡಿನಲ್ಲಿ ಬೆಂಕಿಗೆ ತೀರ ಹತ್ತಿರವಿದ್ದು ಕರಗಿದ ಈ ಇಟ್ಟಿಗೆಗಳನ್ನು ಬೇರೆಯವರು ಎಸೆಯುತ್ತಿದ್ದರು. ಗ್ರೀನ್ ಸಹೋದರರು ಅವನ್ನೇ ಬೇಕು ಅಂತ ಆರಿಸಿ ತಂದರು. ದೊಡ್ಡ ಕಲ್ಲು ಕೆಳಗೆ, ಮೇಲೇರುತ್ತ ಇಟ್ಟಿಗೆ. ಗೋಡೆ ನೆಲದಿಂದಲೇ ಬೆಳೆದ ಹಾಗಿದೆ.

ಸಂಜೆಗೆ 1913ರ ಕೊಲೊರಾಡೊ ಸ್ಟ್ರೀಟ್ ಸೇತುವೆ ನೋಡಿ. ಕಣಿವೆಯಲ್ಲಿ ಗಟ್ಟಿ ನೆಲ ಸಿಕ್ಕ ಕಡೆ ಕಂಬ ಊರಿದ್ದರಿಂದ ಸೇತುವೆ ಬಾಗಿದೆ, ಆ ಬಾಗೇ ಅದರ ಚೆಲುವು. ಊಟಕ್ಕೆ ಓಲ್ಡ್ ಪ್ಯಾಸಡೀನಾದಲ್ಲಿ ಬೇಕಾದಷ್ಟು ಜಾಗಗಳಿವೆ, ಸಸ್ಯಾಹಾರಕ್ಕೆ ತೊಂದರೆಯಿಲ್ಲ.

ಭಾನುವಾರ ನನ್ನ ಮೆಚ್ಚಿನ ಜಾಗ: ಬಂಗಲೊ ಹೆವೆನ್. ಬಹಳ ಜನ ಗ್ಯಾಂಬಲ್ ಹೌಸ್ ನೋಡಿ ವಾಪಸ್ ಹೊರಟುಬಿಡುತ್ತಾರೆ. ಅದು ಹಣವಂತರ ಮನೆ. ಅದೇ ವಿಚಾರ ಸಾಮಾನ್ಯ ಸಂಬಳದವರ ಕೈಗೆಟುಕಿದಾಗ ಏನಾಯಿತು ಅಂತ ನೋಡಬೇಕಾದರೆ ಇಲ್ಲಿಗೇ ಬರಬೇಕು. ಲೇಕ್ ಅವೆನ್ಯೂ ಮತ್ತು ಹಿಲ್ ಅವೆನ್ಯೂ ನಡುವಿನ ಬಡಾವಣೆ, ಸುಮಾರು 800 ಮನೆಗಳು. ಹೆಚ್ಚಿನವು ಇಪ್ಪತ್ತನೇ ಶತಮಾನದ ಮೊದಲ ಮೂರು ದಶಕಗಳವು. ತಗ್ಗಿನ ಮಾಡು, ಅಗಲ ಜಗುಲಿ, ಕೆಳಗೆ ದಪ್ಪಗಿದ್ದು ಮೇಲೆ ಸಣ್ಣಗಾಗುವ ಕಂಬಗಳು. ಬಾಗಿಲು ತೆರೆದರೆ ನೇರ ನಡುಮನೆ, ಎದುರಿಗೆ ಬೆಂಕಿಗೂಡು, ಅದರ ಎರಡೂ ಪಕ್ಕ ಗೋಡೆಯಲ್ಲೇ ಕೂರಿಸಿದ ಪುಸ್ತಕದ ಕಪಾಟು. ಊಟದ ಕೋಣೆಯಲ್ಲಿ ಗೋಡೆಗೇ ಸೇರಿದ ಪಾತ್ರೆ ಬೀರು. ಚಿಕ್ಕ ಮನೆಯಲ್ಲಿ ಬದುಕು ಹೇಗೆ ಅಚ್ಚುಕಟ್ಟಾಗಿರಬಹುದು ಅಂತ ಯಾರೋ ಕೂತು ಯೋಚಿಸಿದ್ದಾರೆ, ಅಲ್ವಾ? ನನಗೆ ಈ ಮನೆಗಳ ಮೇಲಿರುವ ಗೌರವ ಗ್ಯಾಂಬಲ್ ಹೌಸ್ ಮೇಲಿರುವುದಕ್ಕಿಂತ ಒಂದು ತೂಕ ಹೆಚ್ಚು.

ಇವನ್ನು ಉಳಿಸಿದವರು ಅಲ್ಲಿ ವಾಸಿಸುವವರೇ. 1980ರ ದಶಕದಲ್ಲಿ ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುವ ಭಯ ಬಂದಾಗ ಒಟ್ಟಾಗಿ ಹೋರಾಡಿದರು. 1989ರಲ್ಲಿ ಇದು ನಗರದ ಮೊದಲ ಪಾರಂಪರಿಕ ಬಡಾವಣೆಯಾಯಿತು. ವಸಂತದಲ್ಲಿ ಕೆಲವು ಮನೆಗಳನ್ನು ಜನರಿಗೆ ತೆರೆದು ತೋರಿಸುವ ದಿನ ಇರುತ್ತದೆ, ಸಾಧ್ಯವಾದರೆ ಅದೇ ವಾರಾಂತ್ಯ ಆರಿಸಿ. ಬೇರೆ ದಿನ ಹೋದರೆ ಫುಟ್‌ಪಾತ್ ಮೇಲೆ ನಿಂತೇ ನೋಡಿ. ಜನ ಸಂಸಾರ ಮಾಡುತ್ತಿರುವ ಮನೆಗಳಿವು.

ಉತ್ತರಕ್ಕೆ ಅಂಟಿಕೊಂಡಿರುವ ಆಲ್ಟಡೀನಾ ಬಗ್ಗೆಯೂ ಹೇಳಲೇಬೇಕು. 2025ರ ಜನವರಿಯ ಈಟನ್ ಎಂಬ ಕಾಡ್ಗಿಚ್ಚಿನಲ್ಲಿ ಅಲ್ಲಿ 9,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಅವುಗಳಲ್ಲಿ ಇಂಥ ಮನೆಗಳು ಎಷ್ಟೋ. ಮನೆ ಹೋದ ಕಡೆಯೂ ಹೊಗೆಗೂಡು ನಿಂತಿತ್ತು, ಅದರಲ್ಲಿ ಅರ್ನೆಸ್ಟ್ ಬ್ಯಾಚೆಲ್ಡರ್‌ನ ಕಂದು ಬಣ್ಣದ ಹೆಂಚುಗಳು, ಅಂದರೆ ಬೆಂಕಿಗೂಡಿಗೆ ಹಚ್ಚುವ ಅಲಂಕಾರದ ಟೈಲುಗಳು, ಉಳಿದಿದ್ದವು. ಬ್ಯಾಚೆಲ್ಡರ್ 1910ರ ಸುಮಾರಿಗೆ ಪ್ಯಾಸಡೀನಾದ ತನ್ನ ಹಿತ್ತಲಿನಲ್ಲೇ ಗೂಡು ಹಾಕಿ ಹೆಂಚು ಸುಡಲು ಶುರು ಮಾಡಿದವನು. ಬುಲ್ಡೋಜರ್ ಬರುವ ಮೊದಲು ಸ್ವಯಂಸೇವಕರು, ಗಾರೆ ಕೆಲಸದವರು ಸೇರಿ ಆ ಹೆಂಚುಗಳನ್ನು ಒಂದೊಂದಾಗಿ ಬಿಡಿಸಿ ಮನೆಯವರಿಗೆ ಉಳಿಸಿಕೊಟ್ಟರು. ಸುಟ್ಟ ಬೀದಿಗಳನ್ನು ಸುಮ್ನೆ ನೋಡಲು ಅಂತ ಹೋಗಬೇಡಿ. ಅಲ್ಲಿನ ಅಂಗಡಿ, ಹೋಟೆಲುಗಳಲ್ಲಿ ಏನಾದರೂ ಕೊಂಡರೆ ಉಪಕಾರ.

ಮಧ್ಯಾಹ್ನ ಸಮಯ ಉಳಿದರೆ ಎರಡರಲ್ಲಿ ಒಂದನ್ನು ಆರಿಸಿ. ಪಕ್ಕದ ಸ್ಯಾನ್ ಮರೀನೊ ಊರಿನ ಹಂಟಿಂಗ್‌ಟನ್ ಮ್ಯೂಸಿಯಂನಲ್ಲಿ ತೋಟಗಳ ಜೊತೆಗೆ ಗ್ರೀನ್ ಸಹೋದರರ ಪೀಠೋಪಕರಣಗಳಿಗೇ ಮೀಸಲಾದ ಕೋಣೆಗಳಿವೆ. ವಾರಾಂತ್ಯಕ್ಕೆ ಮುಂಗಡ ಟಿಕೆಟ್ ಬೇಕು. ಇಲ್ಲವೇ ನಾರ್ಟನ್ ಸೈಮನ್ ಮ್ಯೂಸಿಯಂನ ಕೆಳಮಹಡಿಯಲ್ಲಿ ಚೋಳರ ಕಂಚಿನ ಮೂರ್ತಿಗಳು. ತಮಿಳುನಾಡಿನ ಶಿವಪುರಂನಿಂದ ಕಳುವಾಗಿದ್ದ ನಟರಾಜ ಒಂದು ಕಾಲಕ್ಕೆ ಈ ಮ್ಯೂಸಿಯಂ ಕೈಯಲ್ಲೇ ಇತ್ತು. 1986ರಲ್ಲಿ ಭಾರತಕ್ಕೆ ಮರಳಿತು.

ನವೆಂಬರ್‌ನಿಂದ ಏಪ್ರಿಲ್ ತನಕ ಹವೆ ಚೆನ್ನಾಗಿರುತ್ತದೆ. ಹೊಸವರ್ಷದ ರೋಸ್ ಪರೇಡ್ ಎಂಬ ಹೂವಿನ ಮೆರವಣಿಗೆಯ ಹೊತ್ತಿಗೆ ಬರಬೇಡಿ, ರೂಮು ಸಿಗುವುದು ಕಷ್ಟ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಿಸಿಲು ಜೋರು, ನಡೆಯಲು ಆಗುವುದಿಲ್ಲ. ಮೆಮೋರಿಯಲ್ ಪಾರ್ಕ್ ಮೆಟ್ರೊ ನಿಲ್ದಾಣದ ಆಸುಪಾಸಿನಲ್ಲಿ ಉಳಿದುಕೊಂಡರೆ ಶನಿವಾರ ಕಾರೇ ಬೇಡ. ಒಂದೇ ದಿನ ಸಿಕ್ಕಿದರೆ ಮ್ಯೂಸಿಯಂ ಬಿಡಿ. ಬೆಳಿಗ್ಗೆ ಗ್ಯಾಂಬಲ್ ಹೌಸ್, ಮಧ್ಯಾಹ್ನದ ಮೇಲೆ ಬಂಗಲೊ ಹೆವೆನ್, ಈ ಎರಡನ್ನು ಮಾತ್ರ ಬಿಡಬೇಡಿ.