ಬೆಲ್ಟಿನ ಒಂದು ತೂತು

"ಮೂಲೆಯಲ್ಲಿ ಸುಮ್ನೆ ಕೂತಿತ್ತು, ಬೊಗಳಲಿಲ್ಲ, ಮುಟ್ಟಿದರೂ ಏನೂ ಮಾಡಲಿಲ್ಲ, ತುಂಬಾ ಸಾಧು" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ನನಗೆ ಕಸಿವಿಸಿಯಾಯಿತು. ಶೆಲ್ಟರ್‌ನವರೇ ನಡೆಸುವ ಪೆಟ್ ಶಾಪ್‌ನಲ್ಲಿ ನೋಡಿದ ಆ ನಾಯಿಯನ್ನು ಶಿರಸಿ ಹತ್ತಿರದ ನಿಮ್ಮ ತೋಟದ ಮನೆಗೆ ತರಬಹುದಾ, ಇಲ್ಲಾ ಮರಿಯನ್ನೇ ತರುವುದು ಒಳ್ಳೆಯದಾ ಎಂದು ಕೇಳಿದ್ದೀರಿ. ನಾನೂ ಇದನ್ನೇ ಕೇಳಿಕೊಂಡು ತಿರುಗಿದವನು. ನಾನು ತಂದದ್ದೂ ಮೂಲೆಯಲ್ಲಿ ಸುಮ್ನೆ ಕೂತಿದ್ದ ನಾಯಿಯನ್ನೇ.

ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಅದರ ಹಿಂದಿನ ಡಿಸೆಂಬರ್‌ನ ಮಾತಿದು. ನಮ್ಮ ಮೂಲ ಸಿದ್ದಾಪುರ ಕಡೆ, ಕೆಲಸಕ್ಕೆಂದು ಕಾರವಾರಕ್ಕೆ ಬಂದು ಕೋಡಿಬಾಗದಲ್ಲೇ ನಿಂತುಬಿಟ್ಟೆವು. ಮನೆಯಲ್ಲಿ ನಾನು, ಹೆಂಡತಿ, ಆಯಿ. ಗೋವಾದಲ್ಲಿ ಒಂದು ಶೆಲ್ಟರ್‌ನವರ ಅಂಗಡಿ ಇದೆ ಅಂತ ಯಾರೋ ಹೇಳಿದ್ದರು. ಮುಂದಿನ ಕೋಣೆಯಲ್ಲಿ ಬೆಲ್ಟು, ಬಟ್ಟಲು, ನಾಯಿ ತಿಂಡಿಯ ಚೀಲ. ಹಿಂದಿನ ಕೋಣೆಯಲ್ಲಿ ಬೀದಿಯಿಂದ ಎತ್ತಿ ತಂದು ಗುಣಮಾಡಿದ ನಾಲ್ಕೈದು ನಾಯಿ. ಸಾಮಾನಿಗೆ ಬೆಲೆ ಉಂಟು, ನಾಯಿಗೆ ಇಲ್ಲ. ಲಸಿಕೆಗೆ, ಮರಿ ಆಗದ ಹಾಗೆ ಮಾಡುವ ಆಪರೇಷನ್ನಿಗೆ ಅಂತ ಒಂದಿಷ್ಟು ದುಡ್ಡು ತೆಗೆದುಕೊಂಡು ರಶೀದಿ ಕೊಟ್ಟರು. ಆಧಾರ್ ಪ್ರತಿ, ಮನೆಯ ಫೋಟೋ, ಕಂಪೌಂಡಿನ ಫೋಟೋ, ಎಲ್ಲ ಕೇಳಿದರು. ನನಗೆ ಆಗ ಸ್ವಲ್ಪ ಸಿಟ್ಟೇ ಬಂದಿತ್ತು. ನಾಯಿ ಕೊಡುವುದಕ್ಕೆ ಹೆಣ್ಣು ಕೊಡುವಷ್ಟು ವಿಚಾರಣೆಯಾ ಅಂತ!

ಎರಡು ವರ್ಷದ ಹೆಣ್ಣು, ಕಾಫಿ ಬಣ್ಣ, ಕಿವಿಯ ತುದಿಯಲ್ಲಿ ಆಪರೇಷನ್ ಆದದ್ದಕ್ಕೆ ಕತ್ತರಿಸಿದ ಗುರುತು. ಅವರು ಇಟ್ಟ ಹೆಸರು ಬ್ರೌನಿ. ಆಯಿಯ ಬಾಯಲ್ಲಿ ಅದು ಬೋಣಿ ಆಯಿತು. "ಅಂಗಡಿಯಿಂದ ತಂದದ್ದು ತಾನೆ, ಬೋಣಿ ಸರಿಯಾಗೇ ಇದೆ" ಅಂದಳು. ಅದೇ ಹೆಸರು ಉಳಿಯಿತು.

ಹೊರಡುವಾಗ ಅಂಗಡಿಯ ಹುಡುಗಿ ತಾನೇ ಬೆಲ್ಟು ಕಟ್ಟಿದಳು. ಕಿವಿಯ ಹಿಂದೆ ಬೆರಳು ತೂರಿಸಿ ನೋಡಿ, "ಅಂಕಲ್, ಬಿಗಿ ಅನ್ನಿಸಿದರೂ ಇದನ್ನು ಸಡಿಲ ಮಾಡಬೇಡಿ" ಅಂದಳು. ನಾನು ತಲೆ ಆಡಿಸಿದೆ. ಆಗ ನನ್ನ ಕಣ್ಣು ಬಿಲ್ಲಿನ ಮೇಲಿತ್ತು.

ಮನೆಗೆ ಬಂದ ಬೋಣಿ ಹಿಂದಿನ ಜಗುಲಿಯಲ್ಲಿ ಒರಳುಕಲ್ಲಿನ ಪಕ್ಕ ಕೂತಳು. ಒಂದೂವರೆ ದಿನ ಏನೂ ತಿನ್ನಲಿಲ್ಲ. ಅನ್ನ ಹಾಲು ಇಟ್ಟರೆ ಇರುವೆ ಮುತ್ತಿತು. ಕರೆದರೆ ನೋಡುವುದಿಲ್ಲ, ಎತ್ತಿದರೆ ಬೇಡ ಅನ್ನುವುದಿಲ್ಲ. ಅಕ್ಕಪಕ್ಕದವರು ಬಂದು ನೋಡಿ, ಎಷ್ಟು ಸಾಧು ಅಂದು ಹೋದರು. ನಾವೂ ಹಾಗೇ ಅಂದುಕೊಂಡೆವು. ಅದು ಸಾಧುತನ ಅಲ್ಲ. ಹೆದರಿ ಕಲ್ಲಾದ ನಾಯಿ ಅದು. ನಿಜವಾಗಿ ಸಾಧುವಾದ ನಾಯಿ ಬಾಲ ಆಡಿಸುತ್ತದೆ, ಮೂಸುತ್ತದೆ, ಬಿಸ್ಕತ್ತು ಕೊಟ್ಟರೆ ತಿನ್ನುತ್ತದೆ. ಇದು ಉಸಿರು ಹಿಡಿದು, ಇವರೆಲ್ಲ ಯಾವಾಗ ಹೋಗುತ್ತಾರೋ ಅಂತ ಕಾಯುತ್ತಿತ್ತು. ನೀವು ಅಂಗಡಿಯಲ್ಲಿ ನೋಡಿದ್ದೂ ಅದನ್ನೇ ಇರಬಹುದು.

ಎರಡನೇ ದಿನ ಸಂಜೆ ನೋಡಿದರೆ ಬೆಲ್ಟಿನ ಕೆಳಗೆ ಕೂದಲು ಒತ್ತಿ ಗೆರೆ ಬಿದ್ದಿತ್ತು. ಪಾಪ ಅನ್ನಿಸಿತು. ಒಂದೇ ಒಂದು ತೂತು ಸಡಿಲ ಮಾಡಿದೆ. ನನ್ನ ಇಡೀ ತಪ್ಪು ಅಷ್ಟೇ, ಅದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಯಾಕೆಂದರೆ ಇದನ್ನು ಎಲ್ಲರೂ ಮಾಡುತ್ತಾರೆ.

ನಮ್ಮ ಊರನಾಯಿಗಳ ತಲೆ ಸಪೂರ. ಅಳೆದು ನೋಡಿ, ಕುತ್ತಿಗೆಯ ಸುತ್ತಳತೆಗೂ ತಲೆಯ ಸುತ್ತಳತೆಗೂ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ಅದೂ ಅಲ್ಲದೆ ಕುತ್ತಿಗೆ ಕೆಳಗೆ ಭುಜದ ಹತ್ತಿರ ದಪ್ಪ, ಮೇಲೆ ಕಿವಿಯ ಹಿಂದೆ ಸಣ್ಣ. ನಾವು ಬೆಲ್ಟು ಹಾಕಿ ಬಿಟ್ಟ ಮೇಲೆ ಅದು ಜಾರಿ ಕೆಳಗೆ ದಪ್ಪ ಜಾಗದಲ್ಲಿ ಕೂರುತ್ತದೆ. ಅಲ್ಲಿ ನೋಡಿದರೆ ಬಿಗಿ ಕಾಣುತ್ತದೆ, ಅಯ್ಯೋ ಅನ್ನಿಸುತ್ತದೆ. ಅದೇ ಬೆಲ್ಟು ಮೇಲಕ್ಕೆ ಬಂದರೆ ಸಡಿಲ. ನಾಯಿ ಮುಂದಕ್ಕೆ ಎಳೆದಾಗ ಏನೂ ಆಗುವುದಿಲ್ಲ. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ನಿಮ್ಮ ಕಡೆ ಮುಖ ಮಾಡಿ ಹಿಂದಕ್ಕೆ ಜಗ್ಗುತ್ತದೆ. ಆಗ ಬೆಲ್ಟು ಕೆಳಗಿಂದ ಮೇಲೆ ಬರುತ್ತದೆ, ಹೆದರಿಕೆಗೆ ಕಿವಿಗಳು ಮೊದಲೇ ತಲೆಗೆ ಅಂಟಿಕೊಂಡಿರುತ್ತವೆ, ಅಡ್ಡ ಬರುವುದಕ್ಕೆ ಏನೂ ಇಲ್ಲ. ಅಂಗಿ ಕಳಚಿದ ಹಾಗೆ ಕಳಚಿ ಬರುತ್ತದೆ. ಅದಕ್ಕೇ ಅಳತೆ ನೋಡಬೇಕಾದದ್ದು ಕಿವಿಯ ಹಿಂದೆಯೇ. ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು. ಆ ಹುಡುಗಿ ಮಾಡಿದ್ದು ಅದನ್ನೇ, ನಾನು ನೋಡಲಿಲ್ಲ.

ರಾತ್ರಿ ಎಂಟರ ಹೊತ್ತಿಗೆ ಮನೆಯ ಮುಂದಿನ ಓಣಿಯಲ್ಲಿ ನಿಂತಿದ್ದೆ. ದೇವಸ್ಥಾನದ ಕಡೆಯಿಂದ ಒಂದು ಗರ್ನಾಲು ಪಟಾಕಿ ಹೊಡೆದರು. ಬೋಣಿ ನನ್ನತ್ತ ತಿರುಗಿ ಮುಂಗಾಲು ಊರಿ ಹಿಂದಕ್ಕೆ ಜಗ್ಗಿದಳು. ಒಂದು ಸಲ, ಎರಡು ಸಲ. ಎರಡನೇ ಗರ್ನಾಲಿಗೆ ಹಗ್ಗ ಹಗುರಾಯಿತು. ಬೆಲ್ಟು ಬಕಲ್ ಹಾಕಿದ್ದು ಹಾಗೇ, ದುಂಡಗೆ, ಹಗ್ಗದ ತುದಿಯಲ್ಲಿ ನೇತಾಡುತ್ತಿತ್ತು. ಒಳಗಡೆ ನಾಲ್ಕು ಕಂದು ಕೂದಲು. ನನ್ನ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆಯೂ ಅದಕ್ಕೇ ಇತ್ತು. ನಾಯಿ ಹೋಯಿತು, ನನ್ನ ನಂಬರ್ ನನ್ನ ಕೈಯಲ್ಲೇ ಉಳಿಯಿತು.

ಒಂಬತ್ತು ದಿನ ಹುಡುಕಿದೆವು. ಮೊದಲ ಎರಡು ದಿನ ಹುಡುಗರನ್ನೆಲ್ಲ ಸೇರಿಸಿಕೊಂಡು ಬೋಣಿ ಬೋಣಿ ಅಂತ ಕೂಗುತ್ತಾ ಓಡಾಡಿದ್ದು ಶುದ್ಧ ದಡ್ಡತನ. ಎರಡು ದಿನದ ಹೆಸರು ಅದಕ್ಕೆ ಹೇಗೆ ಗೊತ್ತಿರಬೇಕು? ಗುಂಪು ಕಟ್ಟಿ ಕೂಗಿದರೆ ಇನ್ನೂ ದೂರ ಹೋಗುತ್ತದೆ. ಬೈತಖೋಲ್ ಬಂದರು, ಶಿರವಾಡದ ರೈಲ್ವೆ ಸ್ಟೇಷನ್ನು, ಸೇತುವೆಯ ಆಚೆ ಸದಾಶಿವಗಡದವರೆಗೂ ಹೋಗಿ ಬಂದೆ. ಅದು ಇದ್ದದ್ದು ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ಸಮುದ್ರದ ಬದಿ ಗಾಳಿಮರಗಳ ನಡುವೆ ಮಗುಚಿಟ್ಟ ಒಂದು ದೋಣಿಯ ಅಡಿ. ನೋಡಿದವಳು ಮೀನು ಮಾರುವ ಪಕ್ಕದ ಮನೆಯ ಅಕ್ಕ. ಬೆಳಗಿನ ಜಾವ ಆ ದಾರಿಯಲ್ಲಿ ಓಡಾಡುವವಳು ಅವಳೇ ಅಲ್ವಾ. ಇದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ನಾಯಿ ಕಳೆದರೆ ಪೇಪರಿಗಿಂತ ಮೊದಲು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓಡಾಡುವವರಿಗೆ ಹೇಳಿ. ಮೀನಿನವರು, ಹಾಲಿನವರು, ಕಸದ ಗಾಡಿಯವರು.

ಮೂರು ಸಂಜೆ ಆ ದೋಣಿಯ ಹತ್ತಿರ ಬೆನ್ನು ಹಾಕಿ ಕೂತೆ. ಮೀನು ಒಳಗೆ ಬರದ ಮನೆ ನಮ್ಮದು. ಆ ಅಕ್ಕನೇ ಬಂಗಡೆ ಬೇಯಿಸಿ, ಮುಳ್ಳು ತೆಗೆದು, ಡಬ್ಬಿಯಲ್ಲಿ ಹಾಕಿ ಕೊಟ್ಟಳು. ಆಯಿ ಆ ಡಬ್ಬಿಯನ್ನು ಗೇಟಿನ ಹೊರಗೇ ಇಡಿಸಿದಳು, ಆದರೆ ದಿನಾ ಸಂಜೆ ಐದಕ್ಕೆ, "ಮೀನು ತಗಂಡು ಹೋದ್ಯಾ?" ಅಂತ ಅವಳೇ ಕೇಳುತ್ತಿದ್ದಳು. ಮೂರನೇ ಸಂಜೆ ಬೋಣಿ ತೆವಳಿಕೊಂಡು ಬಂದು ತಿಂದಳು. ಹಿಂಗಾಲು ಮುರಿದಿತ್ತು, ಯಾವುದೋ ಗಾಡಿ ತಾಗಿರಬೇಕು. ಎತ್ತುವಾಗ ನೋವಿಗೆ ನನ್ನ ಕೈ ಕಚ್ಚಿದಳು. ಅವಳದ್ದೇನೂ ತಪ್ಪಿಲ್ಲ.

ಲಸಿಕೆ ಆದ ನಾಯಿ ಅಲ್ವಾ, ಏನಾಗುತ್ತದೆ ಅಂತ ಹೆಂಡತಿ ಅಂದಳು. ಒಂಬತ್ತು ದಿನ ಎಲ್ಲಿತ್ತೋ, ಯಾವ ನಾಯಿಯ ಜೊತೆ ಜಗಳ ಆಡಿತ್ತೋ! ನಲ್ಲಿ ಬಿಟ್ಟು ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋದೆ. ಆ ದಿನ ಒಂದು, ಆಮೇಲೆ 3, 7, 28ನೇ ದಿನ ಚುಚ್ಚುಮದ್ದು. ಇದರಲ್ಲಿ ಮಾತ್ರ ದಯವಿಟ್ಟು ಯಾರ ಮಾತೂ ಕೇಳಬೇಡಿ, ರೇಬಿಸ್ ಬಂದ ಮೇಲೆ ಔಷಧಿ ಇಲ್ಲ. ಬೋಣಿಯ ಕಾಲಿಗೆ ರಾಡ್ ಹಾಕಿಸಲು ಮತ್ತೆ ಗೋವಾಕ್ಕೆ ಹೋಗಬೇಕಾಯಿತು. ಓಡಾಟ, ಆಪರೇಷನ್, ಔಷಧಿ ಸೇರಿ 23 ಸಾವಿರ ಖರ್ಚು. ಮಳೆಗಾಲದಲ್ಲಿ ಇವತ್ತಿಗೂ ಆ ಕಾಲು ಎಳೆಯುತ್ತಾಳೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಮರಿಯಾ ದೊಡ್ಡದಾ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಮರಿ ತಂದರೆ 16 ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಲಸಿಕೆ, ಮೂರು ತಿಂಗಳಿಗೆ ರೇಬಿಸ್‌ದು, ಅಲ್ಲಿಯವರೆಗೆ ವಾಂತಿ ಭೇದಿ ಹಿಡಿಸಿ ಮರಿಗಳನ್ನು ಕೊಲ್ಲುವ ಪಾರ್ವೋ ರೋಗದ ಭಯ, ಚಪ್ಪಲಿ ಲೆಕ್ಕ ಇಲ್ಲ. ದೊಡ್ಡದು ತಂದರೆ ಅದರ ಹಳೇ ಹೆದರಿಕೆಗಳು ಜೊತೆಗೆ ಬರುತ್ತವೆ. ಎರಡೂ ಕಷ್ಟವೇ. ನೀವು ಕೇಳಬೇಕಾದದ್ದು, ಮೊದಲ ಮೂರು ವಾರ ಮನೆಯಲ್ಲಿ ಯಾರು ಇರುತ್ತಾರೆ ಅಂತ. ಮೂರು ದಿನ ದಿಗಿಲು, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ನಮ್ಮದು ಅನ್ನುವ ಭಾವ ಅಂತ ನಾಯಿ ಸಾಕುವವರಲ್ಲಿ ಒಂದು ಲೆಕ್ಕ ಉಂಟು. ಬೋಣಿ ಮೊದಲ ಸಲ ಬೊಗಳಿದ್ದು ಎರಡು ತಿಂಗಳಿಗೆ, ಅದೂ ನನ್ನ ಮೇಲೆ. ಹೆಲ್ಮೆಟ್ ಹಾಕಿಕೊಂಡು ಒಳಗೆ ಬಂದಿದ್ದೆ.

ಒಂದು ನಾಯಿಗೆ ಪುಣ್ಯ ಮಾಡಿದ ಹಾಗಾಗುತ್ತದೆ ಅಂತಲೂ ಬರೆದಿದ್ದೀರಿ. ಅದನ್ನು ಬಿಡಿ. ನೀವು ಕಾಪಾಡಿದಿರಿ ಅಂತ ಅದಕ್ಕೆ ಗೊತ್ತಿಲ್ಲ. ಅದರ ಪ್ರಕಾರ ನೀವು ಅದನ್ನು ಎತ್ತಿಕೊಂಡು ಹೋದ ಯಾರೋ.

ಒಂದೇ ಸಲ ನೋಡಿ ತರಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ ಹೋಗಿ. ನಿಮ್ಮ ಕೈಯಿಂದ ಏನಾದರೂ ತಿನ್ನುತ್ತದಾ ನೋಡಿ. ಪ್ರಾಣಿ ಮಾರುವ ಅಂಗಡಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು ಅಂತ 2018ರಿಂದ ನಿಯಮ ಇದೆ. ನಾಯಿಯನ್ನು ಮಾರುವುದಿಲ್ಲ, ದತ್ತು ಕೊಡುತ್ತೇವೆ ಅಂದರೂ ಕಾಗದಪತ್ರ ಕೇಳಿ. ಲಸಿಕೆ ಪುಸ್ತಕದಲ್ಲಿ ಸ್ಟಿಕ್ಕರ್, ತಾರೀಕು, ಡಾಕ್ಟರ ಸಹಿ ಇರಬೇಕು. ಮೈಕ್ರೋಚಿಪ್ ಹಾಕಿದ್ದಾರಾ ಕೇಳಿ. ಅಕ್ಕಿಕಾಳಿನಷ್ಟು ದೊಡ್ಡದು, ಚರ್ಮದ ಅಡಿ ಕೂರುತ್ತದೆ, ಬೆಲ್ಟಿನ ಹಾಗೆ ಕಳಚುವುದಿಲ್ಲ. ಕಳೆದ ನಾಯಿ ಎಲ್ಲಿದೆ ಅಂತ ಅದು ಹೇಳುವುದಿಲ್ಲ, ಸಿಕ್ಕಿದ ನಾಯಿ ಯಾರದ್ದು ಅಂತ ಮಾತ್ರ ಹೇಳುತ್ತದೆ.

ನಿಮ್ಮದು ತೋಟದ ಮನೆ, ಕಂಪೌಂಡ್ ಇರುವುದಿಲ್ಲ. ಹಾಗಾಗಿ ಎದೆಗೆ ಹಾಕುವ ಹಾರ್ನೆಸ್ ಒಂದು, ಎಳೆದರೆ ತಾನೇ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟು ಒಂದು, ಎರಡಕ್ಕೂ ಹಗ್ಗ ಸೇರಿಸಿ ಹಿಡಿಯಿರಿ. ಕನಿಷ್ಠ ಒಂದು ತಿಂಗಳು, ಅಂಗಳಕ್ಕೆ ಮೂತ್ರಕ್ಕೆ ಬಿಡುವಾಗಲೂ. ಅಷ್ಟೆಲ್ಲಾ ಬೇಡ, ನಮ್ಮ ಅಜ್ಜನ ಕಾಲದಲ್ಲಿ ನಾಯಿಗೆ ಹಗ್ಗವೇ ಇರಲಿಲ್ಲ ಅಂತ ಮನೆಯಲ್ಲಿ ಖಂಡಿತ ಹೇಳುತ್ತಾರೆ. ಆ ನಾಯಿಗಳು ಆ ಅಂಗಳದಲ್ಲೇ ಕಣ್ಣು ಬಿಟ್ಟವು. ರಾತ್ರಿ ಹೊರಗೆ ಕಟ್ಟಬೇಡಿ, ಕಟ್ಟಿದ ನಾಯಿ ಅಂದರೆ ಚಿರತೆಗೆ ಬಡಿಸಿಟ್ಟ ಎಲೆ. ಬೆಟ್ಟ ತಿರುಗಿ ಬಂದಾಗಲೆಲ್ಲ ಕಿವಿಯ ಒಳಗೆ, ಬೆರಳಿನ ಸಂದಿಯಲ್ಲಿ ಉಣುಗು ಹುಡುಕಿ. ನಾಯಿಗೆ ಉಣುಗಿನಿಂದ ಬರುವ ಜ್ವರ ಬೇರೆ, ಕಾಡಿನ ಉಣುಗು ಕಚ್ಚಿ ನಮಗೆ ಬರುವ ಮಂಗನ ಕಾಯಿಲೆ ಬೇರೆ. ಆದರೆ ನಿಮ್ಮ ಕಡೆ ಕಾಡಿನ ಉಣುಗನ್ನು ಮನೆಗೆ ತರುವುದು ಯಾಕೆ?

ಆ ಮೂಲೆಯ ನಾಯಿಯನ್ನೇ ತರುತ್ತೀರಿ ಅಂತ ನನಗೆ ಗೊತ್ತು, ನಿಮ್ಮ ಬರಹದಲ್ಲೇ ಕಾಣುತ್ತದೆ. ತನ್ನಿ. ಗೋವಾದಿಂದ ಕಾರವಾರಕ್ಕೆ ಬರುವ ದಾರಿಯ ಕರ್ಮಲ್ ಘಾಟ್ ತಿರುವುಗಳಲ್ಲಿ ಬೋಣಿ ಮೂರು ಸಲ ವಾಂತಿ ಮಾಡಿದ್ದಳು. ನಿಮಗೆ ಕುಮಟಾದಿಂದ ಶಿರಸಿಗೆ ಬರುವ ದೇವಿಮನೆ ಘಟ್ಟವೂ ಹತ್ತಬೇಕಾಗಬಹುದು. ಹೊರಡುವ ಮೊದಲು ಹೊಟ್ಟೆ ತುಂಬ ಹಾಕಬೇಡಿ, ಹಳೇ ಟವೆಲ್ ನಾಲ್ಕು ಇಟ್ಟುಕೊಳ್ಳಿ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ಒಬ್ಬರು ಕಾರಿನಲ್ಲೇ ಕೂತಿರಿ, ಬಾಗಿಲು ತೆಗೆಯುವ ಮೊದಲು ಹಗ್ಗವನ್ನು ಕೈಗೆ ಎರಡು ಸುತ್ತು ಹಾಕಿಕೊಳ್ಳಿ. ಮತ್ತೆ ಅಂಗಡಿಯವರು ಬೆಲ್ಟು ಕಟ್ಟುವಾಗ ಯಾವ ತೂತಿಗೆ ಹಾಕಿದರು ಅಂತ ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ.