ಎಡಿಎಚ್‌ಡಿ ಇದೆ, ಎರಡು ನಿಮಿಷವೂ ಮನಸ್ಸು ನಿಲ್ಲುವುದಿಲ್ಲ. ನನ್ನಂಥವರಿಗೆ ಧ್ಯಾನದಿಂದ ಉಪಯೋಗ ಇದೆಯಾ? ಮಾತ್ರೆ ಬಿಡಬಹುದಾ?

ಇದೇ ಮಾತು ಹೇಳಿ ನಾನೂ ಒಂದು ದಿನ ಎದ್ದುಹೋಗಿದ್ದೆ. ಮತ್ತೆ ಕೂರಲು ಮೂರು ವರ್ಷ ಬೇಕಾಯಿತು.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದೆ ಚಡಪಡಿಸುವ ತೊಂದರೆ, ಇದೆ ಅಂತ ಗೊತ್ತಾದಾಗ ನನಗೆ 31 ವರ್ಷ. ಅದೇ ವಾರ ಧ್ಯಾನ ಶುರು ಮಾಡಿದೆ, ಮೊದಲ ದಿನವೇ 40 ನಿಮಿಷ. ಉಸಿರಿನ ಮೇಲೆ ಗಮನ ಇಟ್ಟರೆ ಕಳಿಸದ ಇಮೇಲ್ ನೆನಪಾಗುತ್ತಿತ್ತು. ಅದರಿಂದ ಹಳೆಯ ಜಗಳ, ಅಲ್ಲಿಂದ ಇನ್ನೆಲ್ಲಿಗೋ. ಎಚ್ಚರವಾದಾಗೆಲ್ಲ ‘ಮತ್ತೆ ಸೋತೆ’ ಅಂತ ಲೆಕ್ಕ ಹಾಕುತ್ತಿದ್ದೆ. ಹನ್ನೊಂದನೇ ದಿನ ಬಿಟ್ಟೆ.

ಆ ಲೆಕ್ಕವೇ ನನ್ನ ತಪ್ಪು. ಮನಸ್ಸು ಖಾಲಿಯಾದರೆ ಮಾತ್ರ ಧ್ಯಾನ ಅಂದುಕೊಂಡಿದ್ದೆ. ನಾವು ಸುಮ್ನೆ ಇದ್ದಾಗ, ಹಗಲುಗನಸು ಕಾಣುವಾಗ ಮಿದುಳಿನಲ್ಲಿ ಒಂದು ಜಾಲ ಚುರುಕಾಗುತ್ತದೆ. ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಅಂತಾರೆ. ಕೆಲಸಕ್ಕೆ ಕೂತಾಗ ಅದು ತಗ್ಗಬೇಕು. ಎಡಿಎಚ್‌ಡಿ ಇದ್ದವರಲ್ಲಿ ಸರಿಯಾಗಿ ತಗ್ಗದೆ ಗಮನಕ್ಕೆ ಅಡ್ಡ ಬರುತ್ತದೆ ಅನ್ನುವ ವಾದವನ್ನು ಸಂಶೋಧಕರಾದ ಸೊನುಗಾ-ಬಾರ್ಕ್ ಮತ್ತು ಕ್ಯಾಸ್ಟೆಲಾನೋಸ್ 2007ರಲ್ಲಿ ಮುಂದಿಟ್ಟರು. 2012ರ ಇನ್ನೊಂದು ಅಧ್ಯಯನದಲ್ಲಿ ಧ್ಯಾನ ಮಾಡಿ ಅಭ್ಯಾಸ ಇರುವ 14 ಜನರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಮನಸ್ಸು ಅಲೆದದ್ದು ಗೊತ್ತಾದ ಕೂಡಲೇ ಬಟನ್ ಒತ್ತಲು ಹೇಳಿದರು. ಅಲೆಯುವಾಗ ಚುರುಕಾಗಿದ್ದದ್ದು ಈ ಡಿಫಾಲ್ಟ್ ಜಾಲ. ‘ಅರೆ, ಎಲ್ಲಿಗೋ ಹೋಗಿದ್ದೆ’ ಅಂತ ಹೊಳೆದ ಕ್ಷಣಕ್ಕೆ ಇನ್ನೊಂದು ಜಾಲ. ಗಮನ ವಾಪಸ್ ತರಲು ಮತ್ತೊಂದು. ನಮಗೆ ಪಳಗಬೇಕಿರುವುದು ಆ ಹೊಳೆಯುವುದು ಮತ್ತು ವಾಪಸ್ ಬರುವುದೇ, ಅಲ್ವಾ? ನಾನು ಸರಿಯಾಗಿ ಆ ಕ್ಷಣವನ್ನೇ ಹಿಡಿದು ಸೋಲು ಅಂತ ಬರೆದುಕೊಳ್ಳುತ್ತಿದ್ದೆ. 40 ಸಲ ಓಡಿ 40 ಸಲ ವಾಪಸ್ ಬಂದಿದ್ದರೆ ಅವತ್ತಿನ ಅಭ್ಯಾಸ ಚೆನ್ನಾಗಿಯೇ ಆಗಿತ್ತು. ಹಾಗಂತ ಹೇಳುವವರು ಯಾರೂ ಇರಲಿಲ್ಲ.

ಹಾಗಾಗಿ ಮನಸ್ಸು ನಿಲ್ಲಬೇಕು ಅನ್ನುವ ನಿಮ್ಮ ನಿರೀಕ್ಷೆಯನ್ನೇ ನಾನು ಒಪ್ಪುವುದಿಲ್ಲ. ಐದು ನಿಮಿಷ ಕೂರಿ, ಸಾಕು. ಎಡಿಎಚ್‌ಡಿಗೆಂದೇ ರೂಪಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದ ಎಂಟು ವಾರದ ತರಬೇತಿಯೂ ಐದು ನಿಮಿಷದಿಂದಲೇ ಶುರುವಾಗಿ 15ಕ್ಕೆ ನಿಲ್ಲುತ್ತಿತ್ತು. ಕೂರಲು ಆಗದಿದ್ದರೆ ನಿಧಾನವಾಗಿ ನಡೆಯಿರಿ, ಪಾದ ನೆಲಕ್ಕೆ ತಾಗುವುದನ್ನು ಗಮನಿಸಿ. ನನಗೆ ಒಗ್ಗಿದ್ದು ನಡಿಗೆಯೇ. ಎರಡು ತಿಂಗಳಾದ ಮೇಲೆ, ಎದುರಿನವರ ಮಾತಿನ ಮಧ್ಯೆ ಬಾಯಿ ಹಾಕುವ ಮೊದಲೇ ‘ಈಗ ಹಾಕಲಿದ್ದೇನೆ’ ಅಂತ ಗೊತ್ತಾಗತೊಡಗಿತು. ಎಲ್ಲ ಸಲ ಅಲ್ಲ. ಆದರೂ ಮನೆಯವರು ಗಮನಿಸಿದರು.

ಮಾತ್ರೆ ನೀವಾಗಿಯೇ ಬಿಡಬೇಡಿ, ದಯವಿಟ್ಟು. ನೆದರ್‌ಲ್ಯಾಂಡ್ಸ್‌ನಲ್ಲಿ ಎಡಿಎಚ್‌ಡಿ ಇದ್ದ 120 ವಯಸ್ಕರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೇ ಧ್ಯಾನ ಸೇರಿಸಿದ್ದರು. ಲಕ್ಷಣಗಳು ಜಾಸ್ತಿ ತಗ್ಗಿದ್ದು ಆ ಗುಂಪಿನಲ್ಲಿ, ಆರು ತಿಂಗಳ ನಂತರವೂ ಗುಣ ಉಳಿದಿತ್ತು. ನಾನೂ ಎರಡನ್ನೂ ಮಾಡುತ್ತೇನೆ. ಡೋಸ್ ಕಡಿಮೆ ಮಾಡುವ ಮಾತನ್ನು ನಿಮ್ಮ ವೈದ್ಯರ ಮುಂದೆ ಕೂತು ಆಡಿ.